ನಾನು ಅಂಟಿಸಿದ ನೋಟಿಸ್

ಆಗೆಲ್ಲ ಏಪ್ರಿಲ್ ಬಂತು ಅಂದರೆ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯ ಟೈಮ್ ಆಫೀಸಿನ ಕಿಟಕಿ ಮುಂದೆ ಫಾರಂ 19, ಫಾರಂ 10ಸಿ ಕೇಳುವವರ ಸಾಲು. ಪಿಎಫ್ (ಭವಿಷ್ಯ ನಿಧಿ), ಪೆನ್ಷನ್ ದುಡ್ಡು ತೆಗೆಯುವ ಅರ್ಜಿಗಳು ಅವು. ಮಕ್ಕಳ ಫೀಸು, ಮನೆ ಲೀಸು, ಮಗಳ ಮದುವೆ. ಐದು ವರ್ಷ ದುಡಿಯೋದು, ಬಿಡೋದು, ಪಿಎಫ್ ತೆಗೆದು ಸಾಲ ತೀರಿಸಿ ಇನ್ನೊಂದು ಗಾರ್ಮೆಂಟ್ಸಿಗೆ ಸೇರೋದು. ಏಳು ಸಾವಿರದ ಆಸುಪಾಸಿನ ಸಂಬಳದಲ್ಲಿ ಉಳಿತಾಯ ಅಂತ ಇದ್ದದ್ದು ಅದೊಂದೇ.

2016ರ ಫೆಬ್ರವರಿ 10ರ ಕೇಂದ್ರದ ಆದೇಶ ಅದಕ್ಕೇ ಕೈ ಹಾಕಿತು. ಕೆಲಸ ಬಿಟ್ಟರೆ ಕೈಗೆ ಸಿಗೋದು ತಮ್ಮ ಸಂಬಳದಿಂದ ಹಿಡಿದ ಪಾಲು, ಅದರ ಬಡ್ಡಿ ಮಾತ್ರ. ಕಂಪನಿ ಕಟ್ಟಿದ ಪಾಲು 58 ವರ್ಷ ತುಂಬಿದ ಮೇಲೆ.

ಆಗ ನಾನು ಬೆಂಗಳೂರಿನ ಹೊಸೂರು ರಸ್ತೆ ಕಡೆಯ ಆ ಫ್ಯಾಕ್ಟರಿಯಲ್ಲಿ ಎಚ್‌ಆರ್ ಅಸಿಸ್ಟೆಂಟ್. ದಿನಕ್ಕೆ ಮೂವತ್ತು ಸಲ ಅದೇ ಪ್ರಶ್ನೆ. ತಲೆ ಕೆಟ್ಟು, ಆದೇಶವನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಶನಿವಾರ ಕ್ಯಾಂಟೀನ್ ಬೋರ್ಡಿಗೆ ಅಂಟಿಸಿದೆ. ಇನ್ನು ಯಾರೂ ಕೇಳಲ್ಲ ಅಂದುಕೊಂಡೆ. ನಿಜವಾಗಿಯೂ ಕೇಳಲಿಲ್ಲ, ಕಾಲರ್ ಸೆಕ್ಷನ್ನಿನ ಒಬ್ಬ ಅಕ್ಕನನ್ನು ಬಿಟ್ಟು.

"ಮೇಡಂ, ಐವತ್ತೆಂಟರ ತನಕ ನಮ್ಮನ್ನ ಯಾರು ಇಟ್ಕೊತಾರೆ? ನಲವತ್ತಕ್ಕೇ ಕಣ್ಣು ಕಾಣಲ್ಲ ಅಂತ ಕಳಿಸ್ತೀರಲ್ವಾ?"

"ರೂಲ್ಸ್ ಅಕ್ಕ, ನಾನೇನು ಮಾಡ್ಲಿ?"

ಅವರು ತಲೆ ಆಡಿಸಿ ಹೋದರು. ಅರ್ಥವಾಯಿತು ಅಂದುಕೊಂಡೆ.

ಸೋಮವಾರ, ಏಪ್ರಿಲ್ 18. ಮೊದಲು ನಾಲ್ಕನೇ ಬ್ಯಾಚಿನ ಮಿಷನ್ ಸದ್ದು ನಿಂತಿತು. ಕರೆಂಟ್ ಹೋಯ್ತು ಅಂತ ಮೇಲೆ ನೋಡಿದೆ. ಫ್ಯಾನ್ ತಿರುಗುತ್ತಿತ್ತು. ಆಮೇಲೆ ಐದು, ಆರು, ಫಿನಿಶಿಂಗ್. ಗಂಟೆಗೆ ಎಷ್ಟು ಪೀಸ್ ಅಂತ ಅವರ್ಲಿ ಬೋರ್ಡ್ ಬರೆಯುತ್ತಿದ್ದ ಹುಡುಗ ಚಾಕ್‌ಪೀಸ್ ಹಿಡಿದು ಹಾಗೇ ನಿಂತಿದ್ದ.

ಜನರಲ್ ಮ್ಯಾನೇಜರ್‌ಗೆ, ಅಂದರೆ ಜಿಎಂಗೆ, ಇಂಟರ್‌ಕಾಮ್ ಮಾಡಿದೆ. "ಏನಿಲ್ಲ ಸಾರ್, ಅರ್ಧ ಗಂಟೆ ಕೂಗಾಡಿ ಬರ್ತಾರೆ. ಗೇಟ್ ಹಾಕಿಸಿಬಿಡಿ." ಗೇಟಿನ ಐಡಿಯಾ ನನ್ನದೇ. ಆ ತಪ್ಪನ್ನು ಬೇರೆ ಯಾರ ಮೇಲೂ ಹಾಕಕ್ಕಾಗಲ್ಲ.

ಹೊರಗೆ ಬೇರೆ ಫ್ಯಾಕ್ಟರಿ ಹೆಂಗಸರು ಬನ್ನಿ ಬನ್ನಿ ಅಂತ ಕೂಗುತ್ತಿದ್ದರು. ಒಳಗಿನವರು ಒಟ್ಟಿಗೆ ಗೇಟಿಗೆ ಬಂದರು. ಹಿಂದಿನವರಿಗೆ ಮುಂದೆ ಬೀಗ ಇದೆ ಅಂತ ಕಾಣುತ್ತಿರಲಿಲ್ಲ, ತಳ್ಳುತ್ತಲೇ ಇದ್ದರು. ಆ ಅಕ್ಕನ ಕೆನ್ನೆ ಕಂಬಿಗೆ ಒತ್ತಿತ್ತು, ಕತ್ತರಿ ದಾರ ಇನ್ನೂ ಕೊರಳಲ್ಲೇ. "ತೆಗೀರಿ" ಅಂತ ಕಿರುಚಿದೆ. "ಸಾಹೇಬ್ರು ಹೇಳ್ಲಿ" ಅಂದ ವಾಚ್‌ಮನ್. ಇಂಟರ್‌ಕಾಮ್ ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಎರಡು ನಿಮಿಷ ಇರಬಹುದು. ಯಾರೋ ಉಸಿರುಗಟ್ಟುತ್ತೆ ಅಂದರು. ಕೊನೆಗೆ ವಾಚ್‌ಮನ್ ಯಾರನ್ನೂ ಕೇಳದೆ ಬೀಗ ತೆಗೆದ. ಅವನಿಗೂ ಪಿಎಫ್ ಇತ್ತು. ನನಗೂ ಇತ್ತು, ಅದು ನನಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

ಅವರೆಲ್ಲ ಹೋಗಿ ರಸ್ತೆಯಲ್ಲಿ ಕೂತರು. ಜಿಎಂದು ಒಂದೇ ಮಾತು: "ಲೀಡರ್ ಯಾರು? ಕರೆಸಿ, ಮಾತಾಡೋಣ." ಯೂನಿಯನ್ ಕರೆ ಕೊಟ್ಟಿದ್ದ ಮುಷ್ಕರ ಅಲ್ಲ ಅದು. ಲೀಡರ್ ಇದ್ದರೆ ತಾನೇ ಕರೆಸೋದು? ನೋಟಿಸ್ ಕೊಡದೆ ಹತ್ತು ಜನ ಒಟ್ಟಿಗೆ ಎದ್ದು ಹೋದರೆ ಎಂಟು ದಿನದ ಸಂಬಳ ಹಿಡೀಬಹುದು ಅಂತ ಜಿಎಂ ಕಾನೂನು ಪುಸ್ತಕ ತೆಗೆದರು. ಫ್ಲೋರಿನಲ್ಲಿ ಸೂಪರ್‌ವೈಸರ್‌ಗಳು ಬಿಟ್ಟರೆ ಯಾರೂ ಇರಲಿಲ್ಲ.

ಮಾರನೇ ದಿನ ಹೆಬ್ಬಗೋಡಿ, ಪೀಣ್ಯ, ಜಾಲಹಳ್ಳಿ ಕ್ರಾಸ್. ಬಸ್ಸುಗಳಿಗೆ ಬೆಂಕಿ, ಲಾಠಿ, ಅಶ್ರುವಾಯು. ಸಂಜೆ ಕೇಂದ್ರ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆದೇಶ ವಾಪಸ್ ಅಂದರು. ಎರಡೇ ದಿನ. ನನ್ನ ನೋಟಿಸ್ ಮಾತ್ರ ಇನ್ನೂ ಬೋರ್ಡಿನಲ್ಲಿತ್ತು.

ಕೆಲಸ ಶುರುವಾದ ದಿನ ಜಿಎಂ ಮೊದಲು ಎದ್ದವರ ಲಿಸ್ಟ್ ಕೇಳಿದರು. ಗೊತ್ತಿಲ್ಲ ಸಾರ್ ಅನ್ನಬಹುದಿತ್ತು. ಆರು ಹೆಸರು ಬರೆದುಕೊಟ್ಟೆ. ಸುಮ್ನೆ ಫೈಲಿಗೆ ಇರುತ್ತೆ ಅಂದರು, ನಂಬಿದೆ. ಅಕ್ಕನನ್ನು ಕಾಲರಿನಿಂದ ದಾರ ಕತ್ತರಿಸೋ ಟೇಬಲ್ಲಿಗೆ ಹಾಕಿದರು.

ಮೇ ಕೊನೆಗೆ ಅಕ್ಕ ರಾಜೀನಾಮೆ ಬರೆಸಲು ಕಿಟಕಿಗೆ ಬಂದರು.

"ಪಿಎಫ್ ಪೂರ್ತಿ ಬರುತ್ತಲ್ವಾ ಮೇಡಂ, ಕಂಪನಿದೂ ಸೇರಿ?"

"ಬರುತ್ತೆ ಅಕ್ಕ."

"ಆ ಲಿಸ್ಟಲ್ಲಿ ನನ್ನ ಹೆಸರು ಎಷ್ಟನೇದು?"

ನಾನು ಪೆನ್ನು ಹುಡುಕಿದೆ. ಕಾರಣ ಅನ್ನುವಲ್ಲಿ 'ಮನೆ ಸಮಸ್ಯೆ' ಅಂತ ಬರೆದು ಸಹಿಗೆ ಮುಂದೆ ಸರಿಸಿದೆ.