ಬಾಣಂತನದ ಮನೆಯಲ್ಲಿ ಜಪಸರ

ಇವತ್ತು ಸೋಮವಾರ, ನಮ್ಮ ಕಥೋಲಿಕರ ಜಪಸರದಲ್ಲಿ ಸಂತೋಷದ ರಹಸ್ಯಗಳ ದಿನ. ರಹಸ್ಯ ಅಂದರೆ ಮಣಿ ಎಣಿಸುತ್ತಾ ಧ್ಯಾನಿಸುವ, ಯೇಸು ಮತ್ತು ಅವರ ತಾಯಿ ಮರಿಯಮ್ಮನ ಬದುಕಿನ ಒಂದೊಂದು ಘಟನೆ. ಅಕ್ಕನ ಬಾಣಂತನಕ್ಕೆ ಅಂತ ಬಂದು 18 ದಿನ ಆಯ್ತು. ರಾತ್ರಿ ಮಗು ಮಲಗಿದ ಮೇಲೆ ಅಡುಗೆಮನೆಯಲ್ಲೇ ಕೂತು ಜಪಸರ ಹಿಡಿದೆ. ಬೆರಳಲ್ಲಿ ಇನ್ನೂ ಬೆಳ್ಳುಳ್ಳಿ ವಾಸನೆ.

ಎರಡನೇ ರಹಸ್ಯ, ಮರಿಯಮ್ಮ ಎಲಿಜಬೇತಮ್ಮನನ್ನು ಭೇಟಿಯಾದದ್ದು. ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದೀನೋ. ಭೇಟಿ ಅಂದಾಗೆಲ್ಲ ಕಣ್ಮುಂದೆ ಬರ್ತಿದ್ದದ್ದು ಆ ಪಟ: ಬಾಗಿಲಲ್ಲಿ ಇಬ್ಬರು ಹೆಂಗಸರು ತಬ್ಬಿಕೊಂಡಿರೋದು, ಅಷ್ಟೇ. ಆದರೆ ಲೂಕನ ಶುಭಸಂದೇಶದಲ್ಲಿ ನೋಡಿ. ಎಲಿಜಬೇತಮ್ಮನಿಗೆ ಆಗ ಆರನೇ ತಿಂಗಳು. ಮರಿಯಮ್ಮ ಅಲ್ಲಿ ಸುಮಾರು ಮೂರು ತಿಂಗಳು ಇದ್ದರು. ಲೆಕ್ಕ ಹಾಕಿ! ವಯಸ್ಸಾದ ಮೇಲೆ ಬಸುರಾದ ನೆಂಟರ ಮನೆಗೆ, ತಾನೂ ಬಸುರಿಯಾಗಿದ್ದುಕೊಂಡು, ಬೆಟ್ಟದ ಸೀಮೆಯ ದಾರಿ ಹಿಡಿದು ಅವಸರವಾಗಿ ಹೋದ ತಾಯಿ. ಅಲ್ಲಿ ಏನೇನು ಮಾಡಿದರು ಅಂತ ಲೂಕ ಬರೆದಿಲ್ಲ. ಬರೆಯದಿದ್ದರೂ ಈಗ ನನಗೆ ಕಾಣಿಸುತ್ತೆ: ನೀರು ಹೊತ್ತಿರ್ತಾರೆ, ಹಿಟ್ಟು ಬೀಸಿರ್ತಾರೆ, ರಾತ್ರಿ ಎಲಿಜಬೇತಮ್ಮನ ಊದಿದ ಕಾಲು ಒತ್ತಿರ್ತಾರೆ.

ಏಳನೇ ಮಣಿಗೆ ಬಂದಾಗ ಒಳಗೆ ಮಗು ಅತ್ತಿತು. ಅಕ್ಕ ಏಳೋದು ಬೇಡ ಅಂತ ನಾನೇ ಹೋಗಿ ಎತ್ಕೊಂಡೆ. ಆ ರಹಸ್ಯದ ಹತ್ತರಲ್ಲಿ ಉಳಿದ ಮೂರು ‘ನಮೋ ಮರಿಯ’ ಪ್ರಾರ್ಥನೆ ಅವನ ಕಿವಿಯ ಹತ್ತಿರವೇ ಹೇಳಿದೆ, ಬೆನ್ನು ತಟ್ಟುತ್ತಾ. ನಾಲ್ಕನೇ ರಹಸ್ಯಕ್ಕೆ, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ್ದಕ್ಕೆ ಬರುವಷ್ಟರಲ್ಲಿ ಅವನಿಗೆ ನಿದ್ದೆ, ನನ್ನ ಹೆಗಲೆಲ್ಲ ಕಕ್ಕಿದ ಹಾಲು.