ಅಕ್ಕನ ಐದೂವರೆ ಮನೆ ಶ್ರುತಿಗೆ ಒಂದು ಪಿಕಪ್ ಗಿಟಾರ್, ಜೂನ್‌ನಿಂದ ನವೆಂಬರ್ ತನಕ

ಜೂನ್ 2

ಇವತ್ತಿಂದ ಬರೆದಿಡೋಣ ಅಂತ ಶುರು ಮಾಡಿದೀನಿ, ಯಾಕಂದ್ರೆ ಮುಂದೆ ಯಾರಾದ್ರೂ ಕೇಳಿದ್ರೆ ಹೇಳಕ್ಕೆ ನಂಗೇ ನೆನಪಿರಲ್ಲ.

ನಮ್ಮಕ್ಕ ಸುಗಮ ಸಂಗೀತ ಹಾಡ್ತಾಳೆ, ಅವಳ ಶ್ರುತಿ, ಅಂದ್ರೆ ಹಾಡೋ ಆಧಾರ ಸ್ವರ, ಐದೂವರೆ ಮನೆ (ಹಾರ್ಮೋನಿಯಂ ಮನೆ ಎಣಿಸಿ ಹೇಳೋ ಲೆಕ್ಕ). ಶಿವಮೊಗ್ಗ ಸುತ್ತಮುತ್ತ ಗಣಪತಿ ಪೆಂಡಾಲು, ಆರತಕ್ಷತೆ, ರಾಜ್ಯೋತ್ಸವ, ಇಂಥ ಕಡೆ. ಹಾರ್ಮೋನಿಯಂ, ತಬಲಾ, ಪಕ್ಕದಲ್ಲಿ ನಾನು ಗಿಟಾರ್. ನನ್ನ ಹತ್ರ ಇರೋದು ಕಾಲೇಜಲ್ಲಿದ್ದಾಗ ತಗೊಂಡಿದ್ದ ಗಿವ್ಸನ್, ಕೋಲ್ಕತಾದ್ದು, ಆಗ ನಮ್ಮ ಕಡೆ ಗಿಟಾರ್ ಅಂದ್ರೆ ಹೆಚ್ಚುಕಮ್ಮಿ ಅದೇ. ಅದನ್ನ ನಾನು ಬಿಡಲ್ಲ. ಆದ್ರೆ ಅದ್ರಲ್ಲಿ ಪಿಕಪ್, ಅಂದ್ರೆ ತಂತಿ ಅದುರೋದನ್ನ ಹಿಡಿದು ಕೇಬಲಲ್ಲಿ ಸ್ಪೀಕರಿಗೆ ಕಳಿಸೋ ಸಾಧನ, ಇಲ್ಲ. ಕಳೆದ ತಿಂಗಳು ಒಂದು ಆರತಕ್ಷತೇಲಿ ಗಿಟಾರ್ ಮುಂದೆ ಮೈಕ್ ಇಟ್ರು, ಮೈಕ್ ಸೌಂಡ್ ಏರಿಸಿದ್ರೆ ತಬಲಾ ಅದ್ರೊಳಗೆ ಬರುತ್ತೆ, ಇಳಿಸಿದ್ರೆ ನಾನು ಬಾರಿಸೋದು ಯಾರಿಗೂ ಕೇಳ್ಸಲ್ಲ, ನಾನು ಸ್ವಲ್ಪ ಪಕ್ಕಕ್ಕೆ ವಾಲಿದ್ರೂ ಸದ್ದು ಹೋಯ್ತು. ಕಾರ್ಯಕ್ರಮ ಮುಗಿದ್ಮೇಲೆ ಅಕ್ಕ ಅಂದ್ಲು, "ನೀನು ಇದೀಯ ಅಂತ ನಂಗೆ ಕಣ್ಣಲ್ಲಿ ಗೊತ್ತಾಯ್ತು ಕಣೋ, ಕಿವೀಲಿ ಅಲ್ಲ." ಅದು ಮನಸ್ಸಿಗೆ ತಾಗ್ತು.

ಬಜೆಟ್ 15 ಸಾವಿರ, ಅದ್ರಲ್ಲೇ ಕೇಬಲ್, ತಂತಿ, ಬ್ಯಾಗ್ ಎಲ್ಲ.

ಜೂನ್ 9

ಒಂದು ವಾರ ಓದಿದ್ದೇ ಓದಿದ್ದು. ಎಲೆಕ್ಟ್ರೋ ಅಕೌಸ್ಟಿಕ್ ಅಂತ, ಅಂದ್ರೆ ಪಿಕಪ್ ಸಮೇತ, ಮಾರೋ ಗಿಟಾರ್‌ಗಳಲ್ಲಿ ಹೆಚ್ಚಿನವು ಒಳಗೆ ಒಂದೇ ಥರ: ಬ್ರಿಡ್ಜ್ ಮೇಲಿರೋ ಬಿಳಿ ಪಟ್ಟಿ ಇದ್ಯಲ್ಲ, ಸ್ಯಾಡಲ್, ಅದ್ರ ಅಡಿಗೆ ಒಂದು ತೆಳ್ಳಗಿನ ಪೀಜೋ ಪಟ್ಟಿ ಇರುತ್ತೆ, ತಂತಿ ಅದುರಿದಾಗ ಬೀಳೋ ಒತ್ತಡವನ್ನ ಅದು ಕರೆಂಟ್ ಸಿಗ್ನಲ್ ಮಾಡುತ್ತೆ, ಆ ಸಿಗ್ನಲ್ ತೀರಾ ಬಡಪಾಯಿ ಆದ್ದರಿಂದ ಪಕ್ಕದಲ್ಲಿ ಒಂದು ಪ್ರೀಆಂಪ್ ಕೂರಿಸಿ 9 ವೋಲ್ಟ್ ಬ್ಯಾಟರಿ ಹಾಕಿರ್ತಾರೆ. 1960ರ ದಶಕದಲ್ಲಿ ಅಮೆರಿಕದಲ್ಲಿ ಹೆಲಿಕಾಪ್ಟರ್ ಮಾಡ್ತಿದ್ದ ಚಾರ್ಲ್ಸ್ ಕಾಮನ್ ಅನ್ನೋರು ಓವೇಶನ್ ಗಿಟಾರ್ ಕಂಪನಿ ಶುರು ಮಾಡಿದ್ರು, ಸ್ಟೇಜಲ್ಲಿ ಈ ಥರ ಪೀಜೋ ಪಿಕಪ್ಪು ಚಾಲ್ತಿಗೆ ಬರೋಕೆ ಅವ್ರ ಗಿಟಾರ್‌ಗಳು ದೊಡ್ಡ ಕಾರಣ. ಹೆಲಿಕಾಪ್ಟರಲ್ಲಿ ಅದುರೋದನ್ನ ಕಮ್ಮಿ ಮಾಡೋ ವಿದ್ಯೆ, ಗಿಟಾರಲ್ಲಿ ಅದುರೋದನ್ನ ಹಿಡಿಯೋ ವಿದ್ಯೆ. ಇದನ್ನ ಓದಿ ತುಂಬಾ ಖುಷಿಯಾಯ್ತು.

ಪಟ್ಟಿ ಮಾಡಿದ್ದು ಹೀಗೆ. ಆನ್‌ಲೈನಲ್ಲಿ ಕೇಡೆನ್ಸ್, ಹ್ವಾರೆಜ್ ಥರದ ಬ್ರಾಂಡ್‌ಗಳು, ಕಮ್ಮಿ ದುಡ್ಡಿಗೇ ಪಿಕಪ್ ಸಮೇತ ಸಿಗುತ್ತೆ. ಆಮೇಲೆ ಯಮಹಾ, ಎಫ್310 ಅಂತ ಎಲ್ಲರೂ ಕಲಿಯಕ್ಕೆ ತಗೊಳ್ಳೋದು ಇದ್ಯಲ್ಲ ಅದ್ರದ್ದೇ ಪಿಕಪ್ ಇರೋ ಎಫ್‌ಎಕ್ಸ್310ಎ. ಕೊರಿಯಾ ಕಂಪನಿ ಕಾರ್ಟ್‌ನ ಎಡಿ810ಇ. ಆಸೆ ಪಟ್ಟಿದ್ದು ಫೆಂಡರ್ ಸಿಡಿ-60ಎಸ್‌ಸಿಇ, ಮುಂಭಾಗ ಪ್ಲೈ ಅಲ್ಲದ, ಒಂದೇ ಪದರದ ಗಟ್ಟಿ ಸ್ಪ್ರೂಸ್ ಹಲಗೆ, ಆದ್ರೆ ಬಜೆಟ್ ದಾಟುತ್ತೆ, ಬಿಟ್ಟೆ.

ಇನ್ನೊಂದು ದಾರಿನೂ ಇದೆ, ಹಳೇ ಗಿಟಾರ್‌ಗೇ ಸೌಂಡ್‌ಹೋಲಿಗೆ (ಮುಂಭಾಗದ ದುಂಡು ತೂತು) ಸಿಕ್ಕಿಸೋ ಮ್ಯಾಗ್ನೆಟಿಕ್ ಪಿಕಪ್ಪು. ನಿಮ್ಮ ಹತ್ರ ಒಳ್ಳೆ ಗಿಟಾರ್ ಇದ್ರೆ ಅದೇ ಸರಿ. ನನ್ನದ್ರ ಕುತ್ತಿಗೆ ಬಾಗಿದೆ, ಅದ್ರೊಳಗಿರೋ ಕಂಬಿ, ಟ್ರಸ್ ರಾಡ್, ತಿರುಗಿಸಿದ್ರೂ ಸರಿ ಹೋಗ್ತಿಲ್ಲ, ಅದಕ್ಕೆ ಖರ್ಚು ಮಾಡೋ ಹಾಗಿಲ್ಲ.

ಜೂನ್ 23

ಬೆಳಗಿನ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿಬಂದೆ. ಮೂರು ಅಂಗಡಿ. ಜೇಬಲ್ಲಿ 15 ಸೆಂಟಿಮೀಟರ್ ಸ್ಟೀಲ್ ಸ್ಕೇಲು, ಕ್ಯಾಪೋ (ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯೋ ಕ್ಲಿಪ್ಪು), ಒಂದು ವಿಸಿಟಿಂಗ್ ಕಾರ್ಡು.

ಮೊದಲ್ನೇ ಅಂಗಡೀಲಿ ಗಿಟಾರ್ ಕೈಗೆ ಕೊಡಕ್ಕೆ ಮುಂಚೆ ಪ್ರೀಆಂಪಲ್ಲಿ ಎಷ್ಟು ಬ್ಯಾಂಡ್ ಇದೆ, ಟ್ಯೂನರ್ ಹೇಗೆ ಮಿನುಗುತ್ತೆ ಅಂತ ತೋರಿಸಿದ್ರು. ನಾನೂ ಅದನ್ನೇ ನೋಡ್ತಾ ನಿಂತಿದ್ದೆ, ನಿಜ ಹೇಳ್ಬೇಕು ಅಂದ್ರೆ. ಎರಡನೇ ಅಂಗಡೀಲಿ ಒಂದೇ ಮಾಡೆಲ್ಲಿನ ಎರಡು ಪೀಸ್ ಇತ್ತು, ಸುಮ್ನೆ ಎರಡನ್ನೂ ಅಳೆದೆ. 12ನೇ ಫ್ರೆಟ್ (ಕುತ್ತಿಗೆ ಮೇಲಿರೋ ಲೋಹದ ಅಡ್ಡ ಪಟ್ಟಿ) ಮೇಲೆ ದಪ್ಪ ತಂತಿ ಎಷ್ಟು ಎತ್ತರದಲ್ಲಿದೆ ಅಂತ. ಒಂದರಲ್ಲಿ 2.8 ಮಿಲಿಮೀಟರ್, ಇನ್ನೊಂದರಲ್ಲಿ 3.6! ಒಂದೇ ಬೆಲೆ, ಒಂದೇ ಹೆಸರು, ಒಂದೇ ಡಬ್ಬಿ. 3.6 ಇರೋದ್ರಲ್ಲಿ ಎಫ್ ಕಾರ್ಡ್, ಅಂದ್ರೆ ಒಂದು ಸ್ವರಗುಚ್ಛ, ಹಿಡಿದು ಒಂದು ಹಾಡು ಮುಗಿಸೋ ಅಷ್ಟರಲ್ಲಿ ತೋರುಬೆರಳು ಮರಗಟ್ಟುತ್ತೆ, ಹೊಸದಾಗಿ ಕಲಿಯೋರು ಅಂತೂ ತಿಂಗಳಲ್ಲಿ ಗಿಟಾರ್ ಅಟ್ಟಕ್ಕೆ ಹಾಕ್ತಾರೆ, ತಪ್ಪು ತಮ್ಮದೇ ಅಂದ್ಕೊಂಡು. ಅದಕ್ಕೇ ಕೊನೆಗೆ ತಗೊಂಡಿದ್ದು ಯಾವ ಮಾಡೆಲ್ ಅಂತ ಬೇಕಂತಲೇ ಇಲ್ಲಿ ಬರೀತಿಲ್ಲ, ನೀವು ಅದೇ ಹೆಸರು ಹುಡ್ಕೊಂಡು ಹೋಗಿ ಇನ್ನೊಂದು ಪೀಸ್ ತಂದ್ರೆ ಅದು ಬೇರೆ ಗಿಟಾರೇ.

ಅಂಗಡೀಲಿ ನಾನು ನೋಡಿದ್ದು: 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ, 14ನೇದು ಒತ್ತಿ ಹಿಡಿದು, ನಡುವೆ 7ನೇ ಫ್ರೆಟ್ ಹತ್ರ ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿದೆ, ಕಾರ್ಡ್ ತಂತಿಯನ್ನ ಎತ್ತದೆ ಸವರಿಕೊಂಡು ಹೋದ್ರೆ ಕುತ್ತಿಗೆ ಹೆಚ್ಚುಕಮ್ಮಿ ಸರಿ. ಆಮೇಲೆ ಪ್ರತಿ ತಂತಿ, ಪ್ರತಿ ಫ್ರೆಟ್, ನಿಧಾನವಾಗಿ, ಎಲ್ಲಿ ಝರ್ ಅನ್ನುತ್ತೆ ಅಂತ. ಆಮೇಲೆ ಸ್ಪೀಕರ್ ಇರೋ ಆಂಪ್‌ಗೆ ಹಾಕಿ ಆರೂ ತಂತಿ ಒಂದೇ ಜೋರಲ್ಲಿ ಬರ್ತಾವಾ ಅಂತ, ಇದನ್ನ ಯಾರೂ ಮಾಡಲ್ಲ, ದಯವಿಟ್ಟು ಮಾಡಿ. ಒಂದು ಗಿಟಾರಲ್ಲಿ ಬಿ ತಂತಿ ಉಳಿದವುಗಳ ಅರ್ಧದಷ್ಟೂ ಕೇಳ್ತಿರ್ಲಿಲ್ಲ, ಆಂಪ್ ಇಲ್ದೆ ಬಾರಿಸಿದ್ರೆ ಅದು ಗೊತ್ತೇ ಆಗಲ್ಲ.

ಗಟ್ಟಿ ಹಲಗೆಯೋ ಪ್ಲೈ ಹಲಗೆಯೋ ಅಂತ ನೋಡಕ್ಕೆ ಸೌಂಡ್‌ಹೋಲ್ ಅಂಚು ನೋಡ್ಬೇಕು, ಮೇಲಿನ ಗೆರೆ ಅಂಚಲ್ಲೂ ಹಾಗೇ ಇಳಿದಿದ್ರೆ ಗಟ್ಟಿ, ಪದರ ಪದರ ಕಂಡ್ರೆ ಪ್ಲೈ. ಗಟ್ಟಿ ಹಲಗೆ ಸ್ವರ ಚೆನ್ನಾಗಿರುತ್ತೆ, ವರ್ಷ ಕಳೆದ ಹಾಗೆ ಇನ್ನೂ ಬಿಚ್ಕೊಳ್ಳುತ್ತೆ ಅಂತಾರೆ. ಆದ್ರೆ ನಮ್ಮ ಮಲೆನಾಡಿನ ಮಳೆಗಾಲಕ್ಕೆ ಈ ಬೆಲೆಯಲ್ಲಿ ಪ್ಲೈ ವಾಸಿ ಅನ್ನೋದು ನನ್ನ ಅಭಿಪ್ರಾಯ. ಮರ ತೇವ ಕುಡಿದು ಉಬ್ಬುತ್ತೆ, ಉಬ್ಬಿದ್ರೆ ಬ್ರಿಡ್ಜ್ ಏರುತ್ತೆ, ತಂತಿನೂ ಏರುತ್ತೆ, ಪ್ಲೈ ಅಷ್ಟು ಕುಣಿಯಲ್ಲ. ಅದೂ ಅಲ್ದೆ ಕೇಬಲ್ ಚುಚ್ಚಿ ಬಾರಿಸೋವಾಗ ಜನಕ್ಕೆ ಕೇಳೋದ್ರಲ್ಲಿ ಮುಕ್ಕಾಲು ಪಾಲು ಪಿಕಪ್ಪಿನ ಸ್ವರ.

ಒಂದು ಮಾತು. ಅಂಗಡಿ ಹುಡುಗ ಫಿಂಗರ್‌ಬೋರ್ಡ್ ತೋರಿಸಿ "ಸರ್, ಇದು ರೋಸ್‌ವುಡ್ ಅಲ್ಲ, ಈಗ ಬೇರೆ ಮರ ಬರುತ್ತೆ" ಅಂದ. 2017ರಲ್ಲಿ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಗೆ ಎಲ್ಲಾ ಜಾತಿ ರೋಸ್‌ವುಡ್ ಸೇರಿಸಿದ್ಮೇಲೆ ತುಂಬಾ ಕಂಪನಿಗಳು ವಾಲ್‌ನಟ್, ಲಾರೆಲ್ ಅಂತ ಮರ ಬದಲಾಯಿಸಿದ್ವು, 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯ್ತಿ ಸಿಕ್ತು. ಆ ಇಂಡಿಯನ್ ರೋಸ್‌ವುಡ್ ಅಂದ್ರೆ ನಮ್ಮ ಬೀಟೆ. ಅಜ್ಜನ ಮನೆ ಪ್ರಧಾನ ಬಾಗಿಲು ಬೀಟೆದು, ನೂರು ವರ್ಷದ ಮೇಲಾಯ್ತು, ಕೈ ಇಟ್ರೆ ತಣ್ಣಗೆ. ಪ್ರಪಂಚದ ದೊಡ್ಡ ದೊಡ್ಡ ಗಿಟಾರ್‌ಗಳ ಬೆನ್ನಲ್ಲಿರೋದು ಪಶ್ಚಿಮ ಘಟ್ಟದ ಅದೇ ಮರ ಅಂತ ಅಂಗಡೀಲಿ ನಿಂತು ಯೋಚ್ನೆ ಮಾಡ್ತಿದ್ದೆ, ಹುಡುಗ ಕಾಯ್ತಿದ್ದ.

ಮೂರನೇ ಅಂಗಡೀಲಿ ಸಿಕ್ತು. ಗಿಟಾರ್ 11,800, ಡ್ರೆಡ್‌ನಾಟ್ ಅಂತಾರಲ್ಲ ಆ ದೊಡ್ಡ ಮೈಯಿಂದು, ಆಕ್ಷನ್, ಅಂದ್ರೆ 12ನೇ ಫ್ರೆಟ್ ಮೇಲೆ ತಂತಿ ಎತ್ತರ, 3.2, ಝರ್ ಎಲ್ಲೂ ಇಲ್ಲ, ಆರೂ ತಂತಿ ಸಮ. ಕೇಬಲ್, 10ರ ಸೈಜ್ ತೆಳು ತಂತಿ ಒಂದು ಸೆಟ್ ತಗೊಂಡು ರಾತ್ರಿ ಬಸ್ ಹತ್ತಿದೆ, ಮಡಿಲಲ್ಲೇ ಇಟ್ಕೊಂಡು ಬಂದೆ.

ಜುಲೈ 14

ಮಳೆ. ಮನೆಯೊಳಗೆ ತೇವ ಅಳೆಯೋ ಮೀಟರು 84 ತೋರಿಸ್ತಿದೆ, ಗಿಟಾರ್‌ಗೆ ಬೇಕಾದ್ದು 45ರಿಂದ 55. ಬ್ಯಾಗಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಜಿಪ್ ಎಳೆದಿಟ್ಟೆ, ಒಳಗೆ 60ರ ಹತ್ರ ಬಂತು.

ಬ್ಯಾಟರಿ ಮೊದಲ್ನೇ ವಾರದಲ್ಲೇ ಖಾಲಿ. ಕೇಬಲ್ ಚುಚ್ಚಿದ್ರೆ ಸಾಕು ಪ್ರೀಆಂಪ್ ಆನ್, ಬೇರೆ ಸ್ವಿಚ್ ಇಲ್ಲ, ನಾನು ರಾತ್ರಿಯೆಲ್ಲ ಹಾಗೇ ಬಿಟ್ಟಿದ್ದೆ. ಬಾರಿಸಿ ಆದ್ಮೇಲೆ ಕೇಬಲ್ ಕಿತ್ತಿಡಿ.

ಆಗಸ್ಟ್ 4

ಇದನ್ನ ಪೂರ್ತಿ ಬರೀತೀನಿ, ಬೇರೆಯವ್ರು ಈ ತಪ್ಪು ಮಾಡೋದು ಬೇಡ.

3.2ನ್ನ 2.5ಕ್ಕೆ ಇಳಿಸ್ಬೇಕು ಅಂತ ಸ್ಯಾಡಲ್ ಉಜ್ಜಕ್ಕೆ ಕೂತೆ. ಲೆಕ್ಕ ಸುಲಭ, 12ನೇ ಫ್ರೆಟ್ ಅನ್ನೋದು ತಂತಿಯ ನಟ್ಟ ನಡು, ಅಲ್ಲಿ 0.7 ಇಳೀಬೇಕು ಅಂದ್ರೆ ಸ್ಯಾಡಲ್ ಅಡಿಯಿಂದ ಅದ್ರ ಎರಡರಷ್ಟು, 1.4 ಮಿಲಿಮೀಟರ್ ತೆಗೀಬೇಕು. ಸ್ಯಾಡಲನ್ನ ಬೆರಳಲ್ಲಿ ಹಿಡ್ಕೊಂಡು ಸ್ಯಾಂಡ್ ಪೇಪರ್ ಮೇಲೆ ಹಿಂದೆ ಮುಂದೆ ಉಜ್ಜಿದೆ. ತಂತಿ ಹಾಕಿ ಬಾರಿಸಿದ್ರೆ ಬೆಣ್ಣೆ ಥರ, ಕೈಗೆ ಎಷ್ಟು ಹಗುರ ಅಂತೀರಿ. ಆಂಪ್‌ಗೆ ಹಾಕಿದೆ. ನಡುವಿನ ನಾಲ್ಕು ತಂತಿ ಗಟ್ಟಿಯಾಗಿ ಬರ್ತಿವೆ, ಅಂಚಿನ ಎರಡು, ಅಂದ್ರೆ ತೀರಾ ದಪ್ಪದ್ದೂ ತೀರಾ ಸಣ್ಣದೂ, ಎಲ್ಲೋ ಪಕ್ಕದ ಮನೇಲಿ ಬಾರಿಸಿದ ಹಾಗೆ.

ಆಗಿದ್ದೇನಂದ್ರೆ ಕೈಯಲ್ಲಿ ಹಿಡಿದು ಉಜ್ಜಿದಾಗ ಎರಡು ತುದಿ ಜಾಸ್ತಿ ಸವೆದು ಸ್ಯಾಡಲ್ಲಿನ ಅಡಿ ದೋಣಿ ಥರ ದುಂಡಗಾಗಿತ್ತು. ಪೀಜೋ ಪಟ್ಟಿಗೆ ಬೇಕಾಗಿರೋದು ಒತ್ತಡ, ನಡುವೆ ಒತ್ತುತ್ತೆ, ತುದಿಗಳು ತೇಲ್ತಿವೆ. ಪಿಕಪ್ ಇಲ್ಲದ ಗಿಟಾರಲ್ಲಿ ಇಷ್ಟು ವ್ಯತ್ಯಾಸ ಗೊತ್ತಾಗಲ್ಲ, ಇದ್ರಲ್ಲಿ ಕೂದಲೆಳೆಯಷ್ಟು ಸಂದಿಯೂ ಸ್ಪೀಕರಲ್ಲಿ ಗೊತ್ತಾಗುತ್ತೆ. ಅವತ್ತು ರಾತ್ರಿ ನಿದ್ದೆ ಸರಿ ಬರ್ಲಿಲ್ಲ.

ಆಗಸ್ಟ್ 18

ಮೂಳೆಯ ಹೊಸ ಸ್ಯಾಡಲ್ ತರಿಸಿದೆ. ಈ ಸಲ ನಮ್ಮ ಬೀದಿ ಆಚಾರ್ರ ಹತ್ರ ಹೋಗಿ ಕೇಳಿದೆ, ಅವ್ರು ಗಿಟಾರ್ ಮುಟ್ಟಿದವ್ರೇ ಅಲ್ಲ, ಆದ್ರೆ ಸಮ ಮಾಡೋದು ಅಂದ್ರೆ ಏನು ಅಂತ ಗೊತ್ತಿರೋರು. "ಕೈಯನ್ನ ನಂಬ್ಬೇಡಿ, ಮರವನ್ನ ನಂಬಿ" ಅಂತ ಮೂಲೆಮಟ್ಟ ಹಿಡಿದು ಕೊಯ್ದ ಸಾಗುವಾನಿ ತುಂಡು ಕೊಟ್ರು. ಅಡುಗೆಮನೆ ಗ್ರಾನೈಟ್ ಕಟ್ಟೆ ಮೇಲೆ 220ರ ಪೇಪರ್ ಅಂಟಿಸಿ, ಸ್ಯಾಡಲನ್ನ ಆ ತುಂಡಿಗೆ ಒರಗಿಸಿ ನೆಟ್ಟಗೆ ನಿಲ್ಸಿ ಒಂದೇ ದಿಕ್ಕಲ್ಲಿ ಎಳೆದೆ. ಅಡಿಗೆ ಪೆನ್ಸಿಲಲ್ಲಿ ಗೀಚಿಕೊಂಡಿದ್ದೆ, ಗೀಚಿದ್ದು ಈ ತುದಿಯಿಂದ ಆ ತುದಿ ತನಕ ಒಟ್ಟಿಗೇ ಮಾಯ ಆದ್ರೆ ಅಡಿ ಸಮ ಇದೆ ಅಂತ ಅರ್ಥ. ಕೊನೆಗೆ 400ರ ಪೇಪರ್. 2.7ಕ್ಕೆ ನಿಲ್ಸಿದೆ, 2.5 ಮಾಡ್ಲಿಲ್ಲ, ಈಗ ಮಳೆಗೆ ಹಲಗೆ ಉಬ್ಬಿದೆ, ಬೇಸಿಗೇಲಿ ಇಳಿಯುತ್ತೆ, ಆಗ ಝರ್ ಅನ್ನಬಾರ್ದು.

ಆರೂ ತಂತಿ ಸಮ! ಆಚಾರ್ರನ್ನ ಕರೆದು ಕೇಳಿಸಿದೆ, ಕಾಫಿ ಕುಡಿದು ಒಂದು ಹಾಡು ಪೂರ್ತಿ ಕೂತ್ರು.

ಸೆಪ್ಟೆಂಬರ್ 15

ಗಣಪತಿ ಪೆಂಡಾಲಲ್ಲಿ ಮೊದಲ ಸಲ ಕೇಬಲ್ ಹಾಕಿ ಬಾರಿಸಿದೆ. ಅಕ್ಕನ ಶ್ರುತಿ ಐದೂವರೆ ಮನೆ, ಗಿಟಾರ್ ಭಾಷೇಲಿ ಜಿ ಶಾರ್ಪ್, ಹಾಗಾಗಿ 1ನೇ ಫ್ರೆಟ್‌ಗೆ ಕ್ಯಾಪೋ ಹಾಕಿ ಜಿ ಶೇಪಲ್ಲಿ, ಅಂದ್ರೆ ಕ್ಯಾಪೋ ಇಲ್ದಾಗ ಜಿ ಕಾರ್ಡಿಗೆ ಬೆರಳಿಡೋ ಹಾಗೇ, ಬಾರಿಸೋದು ನನ್ನ ರೂಢಿ. ದಪ್ಪ ತಂತಿ ಷಡ್ಜ ಮುಟ್ಟಿದ್ರೆ ಸಾಕು, ಬೂಂ ಅಂತ ಇಡೀ ಪೆಂಡಾಲ್ ಗುಂಯ್‌ಗುಟ್ಟುತ್ತೆ, ಬೇರೆ ಯಾವ ಸ್ವರಕ್ಕೂ ಇಲ್ಲ, ಅದೊಂದಕ್ಕೇ. ಸೌಂಡ್‌ನವ್ರು ನನ್ನ ಚಾನೆಲ್ಲೇ ಇಳಿಸಿಬಿಟ್ರು, ಮತ್ತೆ ನಾನು ಕೇಳ್ಸಲ್ಲ. ಅಕ್ಕ ಏನೂ ಅನ್ಲಿಲ್ಲ, ಅದೇ ಜಾಸ್ತಿ ನೋವಾಯ್ತು.

ಸೆಪ್ಟೆಂಬರ್ 29

ಕಾರಣ ಸಿಕ್ತು. ಡ್ರೆಡ್‌ನಾಟ್ ಮೈಯೊಳಗಿನ ಗಾಳಿಗೆ ಅದ್ರದ್ದೇ ಒಂದು ಸ್ವರ ಇರುತ್ತೆ, ಖಾಲಿ ಬಾಟಲಿ ಬಾಯಿಗೆ ಊದಿದ್ರೆ ಬರುತ್ತಲ್ಲ ಹಾಗೆ, ಅದು ಸುಮಾರಾಗಿ 100 ಹರ್ಟ್ಜ್ ಆಸುಪಾಸು. ನಮ್ಮ ಐದೂವರೆ ಮನೆಯ ಕೆಳಗಿನ ಷಡ್ಜ 104 ಹರ್ಟ್ಜ್. ಸ್ಪೀಕರಿಂದ ಬಂದ ಷಡ್ಜ ಗಿಟಾರಿನ ಹೊಟ್ಟೆಯನ್ನ ಅದುರಿಸುತ್ತೆ, ಹೊಟ್ಟೆ ಪಿಕಪ್ಪನ್ನ, ಪಿಕಪ್ಪು ಮತ್ತೆ ಸ್ಪೀಕರನ್ನ, ಸುತ್ತಿ ಸುತ್ತಿ ಗುಂಯ್.

ಎರಡು ಕೆಲ್ಸ ಮಾಡಿದೆ. ಹಳೇ ಯೋಗ ಮ್ಯಾಟಿಂದ ಸೌಂಡ್‌ಹೋಲಿಗಿಂತ ಒಂಚೂರು ದೊಡ್ಡ ಬಿಲ್ಲೆ ಕತ್ತರಿಸಿ ಒತ್ತಿ ಕೂರಿಸಿದೆ, ಸ್ಟೇಜಿಗೆ ಮಾತ್ರ. ಎರಡನೇದೇ ನಿಜವಾದ ಔಷಧಿ, ಕ್ಯಾಪೋ 6ನೇ ಫ್ರೆಟ್‌ಗೆ ಏರಿಸಿ ಡಿ ಶೇಪಲ್ಲಿ ಬಾರಿಸೋದು. ಅದೇ ಜಿ ಶಾರ್ಪು, ಆದ್ರೆ ಷಡ್ಜ ಈಗ 4ನೇ ತಂತೀಲಿ, 208 ಹರ್ಟ್ಜ್, ಅದ್ರ ಕೆಳಗೆ 5ನೇ ತಂತೀಲಿ ಪಂಚಮ 156. ಆ 100ರ ತಂಟೆಗೇ ಹೋಗಲ್ಲ. ಅಷ್ಟು ಮೇಲೆ ಹೋದ್ರೆ ಸ್ವರ ಸ್ವಲ್ಪ ಮ್ಯಾಂಡೊಲಿನ್ ಥರ ಆಗುತ್ತೆ, ಹಾರ್ಮೋನಿಯಂ ಕೆಳಗೆ ತುಂಬ್ಕೊಂಡಿರೋದ್ರಿಂದ ನಂಗಂತೂ ಅದೇ ಇಷ್ಟ ಆಯ್ತು. ಆದ್ರೆ ಇಷ್ಟು ವರ್ಷದ ಕೈ ರೂಢಿ ಬದಲಾಯಿಸ್ಬೇಕು, ಭಾವಗೀತೆಗಳ ಇಂಟರ್‌ಲೂಡ್ ಎಲ್ಲ ಡಿ ಶೇಪಿಗೆ ಮತ್ತೆ ಕೂರಿಸ್ತಿದೀನಿ. ದಿನಾ ಒಂದು ಗಂಟೆ.

ನವೆಂಬರ್ 2

ನಿನ್ನೆ ನಮ್ಮ ಬಡಾವಣೆ ರಾಜ್ಯೋತ್ಸವ. ಹೊಸ ಬ್ಯಾಟರಿ, ಬಿಲ್ಲೆ, ಪ್ರೀಆಂಪಲ್ಲಿ ಬಾಸ್ ಅರ್ಧಕ್ಕಿಂತ ಕೆಳಗೆ, ಕ್ಯಾಪೋ 6. ಸೌಂಡ್‌ನವ್ರಿಗೆ ಮೊದ್ಲೇ ಹೋಗಿ ಲೈನ್ ಕೊಟ್ಟು ಒಂದೊಂದೇ ತಂತಿ ಕೇಳಿಸಿದೆ, "ಇಷ್ಟು ನೀಟಾಗಿ ಬಂದ್ರೆ ನಂಗೇನೂ ಕೆಲ್ಸನೇ ಇಲ್ಲ ಸಾರ್" ಅಂದ್ರು. ಏಳು ಹಾಡು, ಒಂದು ಸಲನೂ ಗುಂಯ್ ಅನ್ಲಿಲ್ಲ. ನಾಲ್ಕನೇ ಹಾಡಿನ ನಡುವೆ ತಬಲಾ ನಿಂತು ಬರೀ ಅಕ್ಕ ಮತ್ತು ನಾನು ಇರೋ ಒಂದು ಸಾಲಿದೆ, ಅಲ್ಲಿ ಅಕ್ಕ ನನ್ನ ಕಡೆ ತಿರುಗಿ ನೋಡ್ಲೇ ಇಲ್ಲ, ಕಣ್ಣು ಮುಚ್ಕೊಂಡು ನಾನು ಬಾರಿಸಿದ ಕಡೆಗೆ ಸರಿಯಾಗಿ ಬಂದು ಸೇರಿದ್ಲು.

ಮನೆಗೆ ಬರ್ತಾ ಗಾಡೀಲಿ ಹೇಳಿದ್ಲು, "ಚಳಿಗೆ ಗಂಟಲು ಏರ್ತಿಲ್ಲ ಕಣೋ, ಮುಂದಿನ ಕಾರ್ಯಕ್ರಮ ಐದು ಮನೆಗೆ ಇಟ್ಕೊಳ್ಳೋಣ." ಐದು ಮನೆ ಅಂದ್ರೆ ಜಿ. ಕ್ಯಾಪೋ 5, ಅದೇ ಡಿ ಶೇಪು. ಷಡ್ಜ 196, ಪಂಚಮ 147, ಗುಂಯ್ ಅನ್ನೋ ಜಾಗದಿಂದ ಇನ್ನೂ ದೂರವೇ ಇದೆ. ಇವತ್ತು ಸಂಜೆ ತಂತಿ ಬದಲಾಯಿಸಿ ನೋಡ್ಬೇಕು.