ಪ್ರಪೋಸಲ್ ಬೂಸ್ಟ್ ಮಾಡಿದರೆ ಕೆಲಸ ಸಿಗುತ್ತದೆಯೇ?

"ಸರ್, ಅಪ್‌ವರ್ಕ್‌ನಲ್ಲಿ ಪ್ರಪೋಸಲ್ ಬೂಸ್ಟ್ ಮಾಡಿದ್ರೆ ಕೆಲಸ ಸಿಗುತ್ತಾ? ಎಷ್ಟು ಕನೆಕ್ಟ್ಸ್ ಹಾಕಬೇಕು?" ಅಪ್‌ವರ್ಕ್ ಎಂದರೆ ಫ್ರೀಲ್ಯಾನ್ಸ್ ಕೆಲಸ ಕೊಡುವವರೂ ಮಾಡುವವರೂ ಸೇರುವ ಆನ್‌ಲೈನ್ ತಾಣ, ಪ್ರಪೋಸಲ್ ಅಲ್ಲಿ ಕೆಲಸಕ್ಕೆ ಹಾಕುವ ಅರ್ಜಿ, ಕನೆಕ್ಟ್ಸ್ ಆ ಅರ್ಜಿಗೆ ಖರ್ಚಾಗುವ ಟೋಕನ್. ಈ ಪ್ರಶ್ನೆಯನ್ನು ಫ್ರೀಲ್ಯಾನ್ಸ್ ಕೆಲಸಕ್ಕೆ ಈಗಷ್ಟೇ ಇಳಿದವರೂ ಕೇಳುತ್ತಾರೆ, ನಾಲ್ಕೈದು ವರ್ಷ ಅದರಲ್ಲೇ ಬದುಕು ಕಟ್ಟಿಕೊಂಡವರೂ ಕೇಳುತ್ತಾರೆ. ಬೂಸ್ಟ್‌ಗೆ ಕೊಟ್ಟ ದುಡ್ಡಿನಿಂದ ಸಿಗುವುದು ಪಟ್ಟಿಯ ಮೇಲ್ತುದಿಯಲ್ಲಿ ಒಂದು ಜಾಗ, ಅಷ್ಟೇ. ಕ್ಲೈಂಟ್ ನಿಮ್ಮನ್ನು ಬೇಗ ನೋಡುತ್ತಾರೆ. ನೋಡಿದ ಮೇಲೆ ಕರೆಯುತ್ತಾರೋ ಇಲ್ಲವೋ ಎಂಬುದಕ್ಕೂ ಬೂಸ್ಟ್‌ಗೂ ಸಂಬಂಧವಿಲ್ಲ. ಆದ್ದರಿಂದ ಹೆಚ್ಚಿನ ಪೋಸ್ಟ್‌ಗಳಿಗೆ ನನ್ನ ಉತ್ತರ "ಬೇಡ" ಎಂದೇ. ಕೆಲವಕ್ಕೆ ಮಾತ್ರ "ಖಂಡಿತ ಹಾಕಿ" ಎನ್ನುತ್ತೇನೆ. ಆ ಕೆಲವು ಯಾವುವು ಎಂದು ಗುರುತಿಸಲು ಒಂದಿಷ್ಟು ಲೆಕ್ಕ ಬೇಕು.

ಮೊದಲು ವ್ಯವಸ್ಥೆ ಹೇಗಿದೆ ನೋಡೋಣ. 2019ಕ್ಕೆ ಮುಂಚೆ ಅಪ್‌ವರ್ಕ್ ತಿಂಗಳಿಗೆ 60 ಕನೆಕ್ಟ್ಸ್ ಪುಕ್ಕಟೆ ಕೊಡುತ್ತಿತ್ತು. ಆ ವರ್ಷದಿಂದ ಒಂದು ಕನೆಕ್ಟ್‌ಗೆ 0.15 ಡಾಲರ್ ಬೆಲೆ ಕಟ್ಟಿತು. ಪ್ರತಿ ಜಾಬ್‌ಗೂ ಅರ್ಜಿ ಹಾಕಲು ಇಂತಿಷ್ಟು ಕನೆಕ್ಟ್ಸ್ ಎಂದು ನಿಗದಿಯಾಗಿರುತ್ತದೆ. ಬೂಸ್ಟ್ ಎನ್ನುವುದು ಅದರ ಮೇಲೆ ನೀವು ಸ್ವಇಚ್ಛೆಯಿಂದ ಕೂಗುವ ಹರಾಜು. ಮೇಲಿನ ಕೆಲವೇ ಸ್ಥಾನಗಳಿಗೆ ಯಾರು ಹೆಚ್ಚು ಕನೆಕ್ಟ್ಸ್ ಕೂಗುತ್ತಾರೋ ಅವರ ಪ್ರಪೋಸಲ್ "ಬೂಸ್ಟೆಡ್" ಎಂಬ ಗುರುತು ಹೊತ್ತು ಮೇಲೆ ಕೂರುತ್ತದೆ. ಬಿಡ್ ಹಾಕುವ ಪರದೆಯಲ್ಲಿ ಆ ಹೊತ್ತಿಗೆ ಯಾವ ಸ್ಥಾನಕ್ಕೆ ಎಷ್ಟು ಕೂಗಿದ್ದಾರೆ ಎಂದು ಕಾಣುತ್ತದೆ.

ಇಲ್ಲಿ ಎರಡು ಬಗೆಯ ಕನೆಕ್ಟ್ಸ್ ಇವೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಅರ್ಜಿಯ ಕನೆಕ್ಟ್ಸ್ ಹಾಕಿದ ತಕ್ಷಣ ಹೋದವೇ. ನೀವಾಗಿಯೇ ಪ್ರಪೋಸಲ್ ಹಿಂತೆಗೆದುಕೊಂಡರೂ ಅವು ಮರಳುವುದಿಲ್ಲ. ಬೂಸ್ಟ್‌ಗೆ ಕೂಗಿದ ಕನೆಕ್ಟ್ಸ್ ಹಾಗಲ್ಲ: ಬೇರೊಬ್ಬರು ನಿಮಗಿಂತ ಹೆಚ್ಚು ಕೂಗಿ ನಿಮ್ಮನ್ನು ಕೆಳಗಿಳಿಸಿದರೆ, ಅಷ್ಟರೊಳಗೆ ಕ್ಲೈಂಟ್ ನಿಮ್ಮ ಪ್ರಪೋಸಲ್ ಮುಟ್ಟಿರದಿದ್ದರೆ, ಅವು ವಾಪಸ್ ಬರುತ್ತವೆ. ಈ ನಿಯಮಗಳನ್ನು ಕಂಪನಿ ಆಗಾಗ ತಿದ್ದುತ್ತಿರುತ್ತದೆ, ಹಾಗಾಗಿ ಬಿಡ್ ಪರದೆಯಲ್ಲಿರುವ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿಯೇ ಮುಂದುವರಿಯಿರಿ.

ಈಗ ನಮ್ಮ ದೇಶದವರ ಕೈಗೆ ಬೀಳುವ ನಿಜವಾದ ಬೆಲೆ. ಡಾಲರಿಗೆ 90 ರೂಪಾಯಿ ಎಂದು ಇಟ್ಟುಕೊಂಡರೆ ಒಂದು ಕನೆಕ್ಟ್‌ಗೆ ಹದಿಮೂರೂವರೆ ರೂಪಾಯಿ. ನೀವು ಜಿಎಸ್‌ಟಿ ನಂಬರ್ ಕೊಟ್ಟಿಲ್ಲದಿದ್ದರೆ ಅದರ ಮೇಲೆ 18% ಜಿಎಸ್‌ಟಿ ಸೇರುತ್ತದೆ. ಕಾರ್ಡ್ ಕೊಟ್ಟ ಬ್ಯಾಂಕ್ ವಿದೇಶಿ ವ್ಯವಹಾರಕ್ಕೆ 3% ಹಿಡಿಯಿತು ಅನ್ನಿ. ಎಲ್ಲ ಸೇರಿ ಒಂದು ಕನೆಕ್ಟ್ ಸುಮಾರು 16 ರೂಪಾಯಿ 40 ಪೈಸೆ. ಅರ್ಜಿ, ಬೂಸ್ಟ್ ಸೇರಿ 40 ಕನೆಕ್ಟ್ಸ್ ಹಾಕಿದ ಒಂದು ಪ್ರಪೋಸಲ್ ಎಂದರೆ 650 ರೂಪಾಯಿ ದಾಟಿತು. ಪರದೆಯ ಮೇಲೆ "40" ಎಂಬ ಸಂಖ್ಯೆ ಕಂಡಾಗ ಇದು ಮನಸ್ಸಿಗೆ ಬರುವುದಿಲ್ಲ. ಆದ್ದರಿಂದ ಬಿಡ್ ಹಾಕುವ ಮುಂಚೆ ಕನೆಕ್ಟ್ಸ್ ಸಂಖ್ಯೆಯನ್ನು ಹದಿನಾರರಿಂದ ಗುಣಿಸಿ ರೂಪಾಯಿಯಲ್ಲಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಅತಿ ಹೆಚ್ಚು ಜನ ಎಡವುವುದು ಮುಂದಿನ ಲೆಕ್ಕದಲ್ಲಿ. "ಬೂಸ್ಟ್ ಮಾಡಿದ ಮೇಲೆ ಕೆಲಸ ಸಿಕ್ಕಿತು, ಹಾಗಾದರೆ ಲಾಭ" ಎಂದುಕೊಳ್ಳುತ್ತಾರೆ. ಬೂಸ್ಟ್ ಇಲ್ಲದೆಯೂ ಸಿಗುತ್ತಿದ್ದ ಕೆಲಸಗಳನ್ನು ಕಳೆದು ನೋಡಬೇಕಲ್ಲವೇ? ಲೆಕ್ಕ ತೋರಿಸಲು ಕೆಲವು ಅಂಕಿ ಹಿಡಿಯುತ್ತೇನೆ, ನೀವು ನಿಮ್ಮದನ್ನು ಹಾಕಿಕೊಳ್ಳಿ. ತಿಂಗಳಿಗೆ 60 ಪ್ರಪೋಸಲ್ ಕಳಿಸುತ್ತೀರಿ. ಬೂಸ್ಟ್ ಇಲ್ಲದೆ 3 ಕೆಲಸ ಸಿಗುತ್ತದೆ, ಪ್ರತಿಯೊಂದಕ್ಕೂ 20 ಕನೆಕ್ಟ್ಸ್ ಬೂಸ್ಟ್ ಹಾಕಿದರೆ 4 ಸಿಗುತ್ತದೆ. ಬೂಸ್ಟ್‌ನ ಖರ್ಚು 60 ಗುಣಿಸು 20, ಅಂದರೆ 1,200 ಕನೆಕ್ಟ್ಸ್, 180 ಡಾಲರ್. ಇಷ್ಟೂ ದುಡ್ಡು ಹೋದದ್ದು ಆ ನಾಲ್ಕನೆಯ ಕೆಲಸಕ್ಕೆ. ಉಳಿದ ಮೂರು ಹೇಗೂ ನಿಮ್ಮವೇ ಆಗಿದ್ದವು.

ಆ ನಾಲ್ಕನೆಯದು 80 ಡಾಲರ್‌ನ ಲೋಗೋ ಕೆಲಸವಾಗಿದ್ದರೆ? ಅಪ್‌ವರ್ಕ್ ಹಿಡಿಯುವ ಸರ್ವಿಸ್ ಫೀ 10% ಎಂದಿಟ್ಟು ಕಳೆದರೆ ಕೈಗೆ ಬರುವುದು 72. ಅದಕ್ಕಾಗಿ ಕೊಟ್ಟದ್ದು 180. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ಅದೇ 1,500 ಡಾಲರ್‌ನ ವೆಬ್‌ಸೈಟ್ ಕೆಲಸವಾಗಿದ್ದರೆ 1,350 ಕೈಗೆ ಬರುತ್ತದೆ, 180 ಕೊಟ್ಟದ್ದು ಸಾರ್ಥಕ. ಬೂಸ್ಟ್ ಒಂದೇ, ಗೆಲ್ಲುವ ಪ್ರಮಾಣವೂ ಒಂದೇ, ಕೆಲಸದ ಮೊತ್ತ ಮಾತ್ರ ಬೇರೆ. ಚಿಕ್ಕ ಫಿಕ್ಸೆಡ್ ಪ್ರೈಸ್ (ಮೊತ್ತ ಮೊದಲೇ ನಿಗದಿಯಾದ) ಕೆಲಸಗಳಿಗೆ ಬೂಸ್ಟ್ ಹಾಕಲೇಬೇಡಿ ಎಂದು ಒತ್ತಿ ಹೇಳುವುದು ಇದಕ್ಕೇ. ಸರ್ವಿಸ್ ಫೀ 2025ರ ಮೇ ತಿಂಗಳಿಂದ ಒಪ್ಪಂದಕ್ಕೊಂದರಂತೆ 0ಯಿಂದ 15% ತನಕ ಬದಲಾಗುತ್ತದೆ, ಹಾಗಾಗಿ ಮೇಲಿನ 10% ಜಾಗದಲ್ಲಿ ಪರದೆಯಲ್ಲಿ ಕಾಣುವ ಅಂಕಿ ಹಾಕಿ ನೋಡಿ.

ಯಾವ ಪೋಸ್ಟ್‌ಗೆ ಬೂಸ್ಟ್ ಮಾಡಬಹುದು ಎಂದು ತಿಳಿಯಲು ಪೋಸ್ಟ್‌ನ ಕೆಳಭಾಗ ಓದಿ. "ಕ್ಲೈಂಟ್ ಕೊನೆಯ ಸಲ ನೋಡಿದ್ದು" ಎಂಬ ಸಾಲು ಎಲ್ಲಕ್ಕಿಂತ ಮುಖ್ಯ. ಪೋಸ್ಟ್ ಹಾಕಿ ನಾಲ್ಕು ದಿನವಾಗಿ, ಕ್ಲೈಂಟ್ ಕೊನೆಗೆ ನೋಡಿದ್ದು ಮೂರು ದಿನದ ಹಿಂದೆ ಎಂದಿದ್ದರೆ ಆ ಪಟ್ಟಿಯನ್ನು ಯಾರೂ ತೆರೆಯುತ್ತಿಲ್ಲ. ಖಾಲಿ ಅಂಗಡಿಯ ಮುಂದೆ ಬೋರ್ಡ್ ಎತ್ತರಿಸಿದರೆ ಏನು ಬಂತು? "ಇಂಟರ್‌ವ್ಯೂ ನಡೆಯುತ್ತಿರುವುದು" ಐದಾರು ಎಂದಿದ್ದರೂ ಬಿಟ್ಟುಬಿಡಿ, ಆಯ್ಕೆ ಆಗಲೇ ಇನ್‌ಬಾಕ್ಸ್‌ಗೆ ಸಾಗಿದೆ. ಕ್ಲೈಂಟ್ ತಾನೇ ಹತ್ತಿಪ್ಪತ್ತು ಜನರಿಗೆ ಆಹ್ವಾನ ಕಳಿಸಿದ್ದರೂ ಅಷ್ಟೆ. ಆಹ್ವಾನ ಬಂದವರು ಒಂದು ಕನೆಕ್ಟ್ ಕೂಡ ಖರ್ಚು ಮಾಡದೆ ಉತ್ತರಿಸುತ್ತಾರೆ, ಕ್ಲೈಂಟ್‌ನ ಗಮನವೂ ಅವರ ಮೇಲೆಯೇ ಇರುತ್ತದೆ. ಪಾವತಿ ವಿಧಾನ ವೆರಿಫೈ ಆಗಿರಬೇಕು. ಹಿಂದೆ ಹತ್ತು ಪೋಸ್ಟ್ ಹಾಕಿ ಒಂದಕ್ಕೂ ಯಾರನ್ನೂ ತೆಗೆದುಕೊಳ್ಳದ ಕ್ಲೈಂಟ್‌ಗೆ ಬೂಸ್ಟ್ ಬೇಡ. ಗಂಟೆಗೆ ಸರಾಸರಿ ಎಷ್ಟು ಕೊಟ್ಟಿದ್ದಾರೆ ಎಂದೂ ನೋಡಿ: 6 ಡಾಲರ್ ಕೊಟ್ಟು ರೂಢಿಯಾದವರ ಮುಂದೆ ನಿಮ್ಮ 25 ಡಾಲರ್ ದರ ಎಷ್ಟೇ ಮೇಲೆ ಕಂಡರೂ ನಿಲ್ಲುವುದಿಲ್ಲ.

ಪ್ರಪೋಸಲ್‌ಗಳ ಸಂಖ್ಯೆ 5ಕ್ಕಿಂತ ಕಡಿಮೆ ಇದ್ದಾಗ ಬೂಸ್ಟ್ ಮಾಡುವುದು ದಂಡ. ಇದ್ದ ನಾಲ್ಕನ್ನು ಕ್ಲೈಂಟ್ ಹೇಗೂ ನೋಡುತ್ತಾರೆ. ಕನ್ನಡದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ, ಕನ್ನಡ ವಾಯ್ಸ್ ಓವರ್, ಸಬ್‌ಟೈಟಲ್, ಧ್ವನಿ ಸಂಗ್ರಹ ಇಂಥ ಕೆಲಸಗಳಿಗೆ ಹಿಂದಿ ಅಥವಾ ಸ್ಪ್ಯಾನಿಷ್‌ನಷ್ಟು ಪೈಪೋಟಿ ಇರುವುದಿಲ್ಲ. ಕ್ಲೈಂಟ್‌ಗೆ ಕನ್ನಡ ಬರುವುದಿಲ್ಲವಾದ್ದರಿಂದ ಯಾರು ನಿಜವಾಗಿ ಬಲ್ಲವರು ಎಂದು ಅಳೆಯುವುದೇ ಅವರ ಕಷ್ಟ. ಅಂಥಲ್ಲಿ ಬೂಸ್ಟ್‌ನ ದುಡ್ಡು ಉಳಿಸಿ, ಹಿಂದೆ ಮಾಡಿದ ಕೆಲಸದ ಒಂದು ಪುಟವನ್ನೋ ಅರ್ಧ ನಿಮಿಷದ ಧ್ವನಿ ಮಾದರಿಯನ್ನೋ ಲಗತ್ತಿಸಿ.

ಹಾಗಾದರೆ ಬೂಸ್ಟ್ ಎಲ್ಲಿ ಸಲ್ಲುತ್ತದೆ? ಪೋಸ್ಟ್ ಬಂದು ಒಂದೆರಡು ಗಂಟೆಯಾಗಿ ಪ್ರಪೋಸಲ್ ಸಂಖ್ಯೆ ಆಗಲೇ 20 ದಾಟಿ ಓಡುತ್ತಿದೆ, ಕ್ಲೈಂಟ್ ಈಗತಾನೇ ಪಟ್ಟಿ ನೋಡಿದ್ದಾರೆ, ಹಿಂದೆ ಒಳ್ಳೆಯ ಮೊತ್ತ ಖರ್ಚು ಮಾಡಿದವರು, ಕೆಲಸ ದೊಡ್ಡದು ಇಲ್ಲವೇ ತಿಂಗಳುಗಟ್ಟಲೆ ನಡೆಯುವಂಥದು, ನೀವು ಅಚ್ಚುಕಟ್ಟಾಗಿ ಅದನ್ನೇ ಮಾಡಿದವರು. ಈ ಎಲ್ಲವೂ ಒಟ್ಟಿಗೆ ಕೂಡಿದಾಗ ಹಾಕಿ, ಧಾರಾಳವಾಗಿಯೇ ಹಾಕಿ. ವಾರಕ್ಕೆ ಇಂಥವು ಎರಡೋ ಮೂರೋ ಸಿಕ್ಕರೆ ಹೆಚ್ಚು.

ಎಷ್ಟು ಕೂಗಬೇಕು ಎಂಬುದಕ್ಕೆ: ಮೊದಲ ಸ್ಥಾನಕ್ಕೆ ಜಿದ್ದಿಗೆ ಬೀಳಬೇಡಿ. ಮೊದಲ ಸ್ಥಾನಕ್ಕೆ 45, ಕೊನೆಯ ಬೂಸ್ಟೆಡ್ ಸ್ಥಾನಕ್ಕೆ 18 ಎಂದು ಕಂಡರೆ 19 ಅಥವಾ 20 ಸಾಕು. ಕ್ಲೈಂಟ್ ಪರದೆ ತೆರೆದಾಗ ಆ ಕೆಲವರೂ ಒಟ್ಟಿಗೇ ಕಾಣುತ್ತಾರೆ. ಪೋಸ್ಟ್ ಬಂದ ಐದು ನಿಮಿಷಕ್ಕೇ ಕಡಿಮೆ ಕೂಗಿ ಗೆದ್ದೆವು ಎಂದುಕೊಂಡರೆ ಸಂಜೆಯೊಳಗೆ ಹತ್ತು ಜನ ಮೇಲೇರಿರುತ್ತಾರೆ. ಕ್ಲೈಂಟ್ ಪಟ್ಟಿ ತೆರೆಯುವ ಹೊತ್ತಿಗೆ ನೀವು ಮೇಲಿದ್ದೀರಾ ಎಂಬುದೇ ಮುಖ್ಯ. ನ್ಯೂಯಾರ್ಕ್‌ನ ಬೆಳಗಿನ 9 ಗಂಟೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದ್ದು ರಾತ್ರಿ ಒಂಬತ್ತೂವರೆ, ಇಲ್ಲವೇ ಹತ್ತೂವರೆ. ಲಂಡನ್ನಿನದು ಮಧ್ಯಾಹ್ನ ಒಂದೂವರೆ, ಇಲ್ಲವೇ ಎರಡೂವರೆ. ಕ್ಲೈಂಟ್‌ನ ಊರು ಪೋಸ್ಟ್‌ನಲ್ಲೇ ಇರುತ್ತದೆ, ಅವರ ಕಚೇರಿ ತೆರೆಯುವ ಸುಮಾರಿಗೆ ಬಿಡ್ ಪರದೆ ನೋಡಿ ನಿರ್ಧರಿಸಿ.

ಈಗ ನಾನು ಬೂಸ್ಟ್‌ಗಿಂತ ಮುಖ್ಯ ಎಂದು ನಂಬಿರುವ ಸಂಗತಿಗೆ ಬರುತ್ತೇನೆ. ಕ್ಲೈಂಟ್‌ನ ಪರದೆಯಲ್ಲಿ ನಿಮ್ಮ ಪ್ರಪೋಸಲ್ ಪೂರ್ತಿ ಕಾಣುವುದಿಲ್ಲ. ಫೋಟೋ, ಹೆಸರು, ಪ್ರೊಫೈಲ್‌ನ ಶೀರ್ಷಿಕೆ, ದರ, ಜಾಬ್ ಸಕ್ಸೆಸ್ ಸ್ಕೋರ್ (ಹಿಂದಿನ ಕೆಲಸಗಳ ಯಶಸ್ಸಿಗೆ ತಾಣ ಕೊಡುವ ಅಂಕ), ಅದರ ಕೆಳಗೆ ಕವರ್ ಲೆಟರ್‌ನ ಮೊದಲ ಒಂದೆರಡು ಸಾಲು. ನೀವು ದುಡ್ಡು ಕೊಟ್ಟು ಮೇಲಕ್ಕೆ ಏರಿಸಿದ್ದು ಇಷ್ಟನ್ನೇ. ಒಬ್ಬ ಕ್ಲೈಂಟ್ ಹೀಗೆ ಬರೆದಿದ್ದಾರೆ ಎಂದುಕೊಳ್ಳಿ: ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶ) ಅಂಗಡಿಯ ಬಿಲ್‌ನಲ್ಲಿ ಒಟ್ಟು ಮೊತ್ತ ಒಂದೆರಡು ಸೆಂಟ್ ತಪ್ಪಾಗಿ ಬರುತ್ತಿದೆ, ಅಕೌಂಟೆಂಟ್ ಒಪ್ಪುತ್ತಿಲ್ಲ. ಪಟ್ಟಿಯಲ್ಲಿ ಸಾಲುಸಾಲಾಗಿ ಕಾಣುವುದು "ನಮಸ್ಕಾರ, ನಿಮ್ಮ ಜಾಬ್ ಪೋಸ್ಟ್ ಗಮನವಿಟ್ಟು ಓದಿದೆ, ನನಗೆ ವರ್ಡ್‌ಪ್ರೆಸ್‌ನಲ್ಲಿ ಏಳು ವರ್ಷದ ಅನುಭವವಿದೆ" ಎಂಬುದೇ. ನಡುವೆ ಒಬ್ಬರು ಹೀಗೆ ಶುರು ಮಾಡುತ್ತಾರೆ: "ಸೆಂಟ್‌ಗಳ ವ್ಯತ್ಯಾಸ ಹೆಚ್ಚಾಗಿ ತೆರಿಗೆಯನ್ನು ಪ್ರತಿ ಸಾಲಿಗೂ ರೌಂಡ್ ಮಾಡುವುದರಿಂದ ಬರುತ್ತದೆ. ಟ್ಯಾಕ್ಸ್ ಸೆಟ್ಟಿಂಗ್‌ನಲ್ಲಿ ಸಬ್‌ಟೋಟಲ್ ಮಟ್ಟದಲ್ಲಿ ರೌಂಡ್ ಮಾಡುವ ಆಯ್ಕೆ ಇದೆ, ಮೊದಲು ಅದನ್ನು ನಿಮ್ಮ ಹಳೆಯ ಮೂರು ಆರ್ಡರ್‌ಗಳ ಮೇಲೆ ಪರೀಕ್ಷಿಸುತ್ತೇನೆ." ಈ ಸಾಲು ಹನ್ನೆರಡನೆಯ ಸ್ಥಾನದಲ್ಲಿದ್ದರೂ ಕ್ಲೈಂಟ್‌ನ ಬೆರಳು ಅಲ್ಲಿ ನಿಲ್ಲುತ್ತದೆ. "ನಮಸ್ಕಾರ" ಎಂದು ಶುರುವಾಗುವ ಸಾಲನ್ನು ಬೂಸ್ಟ್ ಮಾಡಿದರೆ "ಅನುಭವವಿದೆ" ಎನ್ನುವವರ ಸಾಲಿನಲ್ಲಿ ನೀವು ಮುಂದೆ ನಿಂತಿರಿ, ಅಷ್ಟೆ. ನಮಸ್ಕಾರ, ಅನುಭವ, ಡಿಗ್ರಿ ಎಲ್ಲವನ್ನೂ ಕೆಳಗಿಳಿಸಿ. ಮೊದಲ ಇಪ್ಪತ್ತು ಪದಗಳಲ್ಲಿ ಅವರ ತೊಂದರೆಯ ಹೆಸರು ಬರಲಿ.

ಫಲ ಅಳೆಯಲು ಒಂದು ಶೀಟ್ ಸಾಕು. ದಿನಾಂಕ, ಕೆಲಸದ ಬಗೆ, ಅರ್ಜಿಯ ಕನೆಕ್ಟ್ಸ್, ಬೂಸ್ಟ್ ಕನೆಕ್ಟ್ಸ್, ವಾಪಸ್ ಬಂದದ್ದು, ಕ್ಲೈಂಟ್ ನೋಡಿದರೇ, ಉತ್ತರ ಬಂತೇ, ಕೆಲಸ ಸಿಕ್ಕಿತೇ. ಒಂದೇ ಬಗೆಯ ಪೋಸ್ಟ್‌ಗಳಲ್ಲಿ ಇಪ್ಪತ್ತಕ್ಕೆ ಬೂಸ್ಟ್ ಹಾಕಿ, ಇಪ್ಪತ್ತಕ್ಕೆ ಹಾಕಬೇಡಿ. ಇಪ್ಪತ್ತರಲ್ಲಿ ಕೆಲಸ ಸಿಗುವುದು ಒಂದೋ ಎರಡೋ ಆದ್ದರಿಂದ ಅದನ್ನು ನೋಡಿ ತೀರ್ಮಾನಿಸಬೇಡಿ, ಅದು ಅದೃಷ್ಟದ ಆಟವೂ ಆಗಿರಬಹುದು. ನೋಡಿದ್ದು, ಉತ್ತರಿಸಿದ್ದು ಈ ಎರಡು ಅಂಕಣ ಹೋಲಿಸಿ. ನೋಡುವುದು ಹೆಚ್ಚಾಗಿ ಉತ್ತರ ಹೆಚ್ಚಾಗದಿದ್ದರೆ ತೊಂದರೆ ನಿಮ್ಮ ಮೊದಲ ಎರಡು ಸಾಲಿನಲ್ಲೋ ಪ್ರೊಫೈಲ್‌ನಲ್ಲೋ ಇದೆ. ನೋಡುವುದೇ ಹೆಚ್ಚಾಗಲಿಲ್ಲ ಎಂದರೆ ನೀವು ಪೋಸ್ಟ್ ಆರಿಸುವಲ್ಲಿ ತಪ್ಪುತ್ತಿದ್ದೀರಿ.

ಮೋಸದ ಪೋಸ್ಟ್‌ಗಳು ಕನೆಕ್ಟ್ಸ್ ನುಂಗುವ ಇನ್ನೊಂದು ದಾರಿ. ಟೆಲಿಗ್ರಾಮ್‌ಗೆ ಬನ್ನಿ ಎನ್ನುವುದು, ಡೆಪಾಸಿಟ್ ಕೇಳುವುದು, ಎರಡು ಸಾಲಿನ ವಿವರಣೆಗೆ ಕಣ್ಣು ಕುಕ್ಕುವ ಬಜೆಟ್ ಇವೆಲ್ಲ ಅದರ ಗುರುತು. ಅರ್ಜಿ ಹಾಕಿದ ಮೇಲೆ ಗೊತ್ತಾದರೆ ಸುಮ್ಮನಿರಬೇಡಿ, ಫ್ಲ್ಯಾಗ್ ಮಾಡಿ, ಅಂದರೆ ಅಪ್‌ವರ್ಕ್‌ಗೆ ದೂರು ಕೊಡಿ. ನಿಯಮ ಮೀರಿದ ಪೋಸ್ಟ್ ಎಂದು ಅಪ್‌ವರ್ಕ್ ತೆಗೆದುಹಾಕಿದರೆ ನಿಮ್ಮ ಕನೆಕ್ಟ್ಸ್ ಮರಳುತ್ತವೆ.

ಬೇರೆ ತಾಣಗಳದ್ದು ಚುಟುಕಾಗಿ. ಫ್ರೀಲ್ಯಾನ್ಸರ್ ಡಾಟ್ ಕಾಮ್‌ನಲ್ಲಿ ಸ್ಪಾನ್ಸರ್ಡ್ ಬಿಡ್ ಇದೆ, ದುಡ್ಡು ಕೊಟ್ಟು ಮೇಲೆ ಕೂರುವುದೇ ಅದೂ. ಅಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಬೇರೆ ಕಡೆ: ಫಿಕ್ಸೆಡ್ ಪ್ರೈಸ್ ಕೆಲಸಕ್ಕೆ 10% ಅಥವಾ 5 ಡಾಲರ್, ಯಾವುದು ಹೆಚ್ಚೋ ಅದನ್ನು ನೀವು ಕೆಲಸ ಒಪ್ಪಿಕೊಂಡಾಗಲೇ ಹಿಡಿಯುತ್ತಾರೆ. ಮೈಲ್‌ಸ್ಟೋನ್ ಹಣ (ಕೆಲಸದ ಹಂತಕ್ಕೆಂದು ಮೊದಲೇ ತೆಗೆದಿಡುವ ಹಣ) ಹಾಕದ ಕ್ಲೈಂಟ್‌ನ ಕೆಲಸ ಒಪ್ಪಿದರೆ ಫೀಸು ಹೋಯಿತು. ಫೈವರ್‌ನಲ್ಲಿ ಲೆಕ್ಕವೇ ಬೇರೆ. ಅಲ್ಲಿ ಗಿಗ್ (ನೀವು ಮಾರಾಟಕ್ಕಿಟ್ಟ ಸೇವೆಯ ಪುಟ) ಪ್ರಮೋಟ್ ಮಾಡಿದರೆ ಪ್ರತಿ ಕ್ಲಿಕ್‌ಗೆ ದುಡ್ಡು, ಆರ್ಡರ್ ಬಂದ ಮೇಲೆ 20% ಕಮಿಷನ್. ಸುಮ್ಮನೆ ಇಣುಕಿ ಹೋದವರ ಕ್ಲಿಕ್‌ಗೂ ನೀವೇ ತೆರುತ್ತೀರಿ, ಹಾಗಾಗಿ ಗಿಗ್ ಚಿತ್ರದಲ್ಲೂ ಶೀರ್ಷಿಕೆಯಲ್ಲೂ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಎಂದು ಸ್ಪಷ್ಟವಾಗಿರಲಿ.

ಕೊನೆಗೆ ತೆರಿಗೆಯದೊಂದು. ಜಿಎಸ್‌ಟಿ ನಂಬರ್ ಇದ್ದು ಅಪ್‌ವರ್ಕ್‌ಗೆ ಕೊಟ್ಟರೆ ಅವರು 18% ಹಿಡಿಯುವುದಿಲ್ಲ, ಬದಲಿಗೆ ರಿವರ್ಸ್ ಚಾರ್ಜ್‌ನಲ್ಲಿ (ಮಾರುವವರ ಬದಲು ಕೊಳ್ಳುವವರೇ ತೆರಿಗೆ ಕಟ್ಟುವ ಪದ್ಧತಿ) ನೀವೇ ಕಟ್ಟಿ, ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಲು, ಪಡೆಯಬೇಕು. ಕನೆಕ್ಟ್ಸ್ ಖರ್ಚನ್ನು ಆದಾಯ ತೆರಿಗೆಯಲ್ಲಿ ವ್ಯವಹಾರದ ಖರ್ಚಾಗಿ ತೋರಿಸಬಹುದು, ಆದರೆ ಆದಾಯದ ಅರ್ಧವನ್ನು ಲಾಭವೆಂದು ಘೋಷಿಸುವ ಅಂದಾಜು ಪದ್ಧತಿಯಲ್ಲಿ ರಿಟರ್ನ್ಸ್ ಹಾಕುವವರಿಗೆ ಅದು ಪ್ರತ್ಯೇಕವಾಗಿ ಸಿಗದು, ಉಳಿದರ್ಧದಲ್ಲೇ ಸೇರಿಹೋಗಿರುತ್ತದೆ. ಎರಡಕ್ಕೂ ಕನೆಕ್ಟ್ಸ್ ಕೊಂಡ ಇನ್‌ವಾಯ್ಸ್‌ಗಳನ್ನು ತಿಂಗಳು ತಿಂಗಳು ಇಳಿಸಿಟ್ಟುಕೊಳ್ಳಿ. ಕೊಂಡ ಕನೆಕ್ಟ್ಸ್‌ಗೆ ಒಂದು ವರ್ಷದ ಅವಧಿ ಇದೆ, ಆ ದಿನಾಂಕವನ್ನೂ ಶೀಟ್‌ನಲ್ಲಿ ಬರೆದಿಡಿ. ಮುಗಿಯುತ್ತಾ ಬಂತು ಎಂಬ ಗಡಿಬಿಡಿಯಲ್ಲಿ ಸಿಕ್ಕ ಪೋಸ್ಟ್‌ಗೆಲ್ಲ ಬೂಸ್ಟ್ ಸುರಿಯುವವರಿದ್ದಾರೆ, ದಿನಾಂಕ ಬರೆದಿಟ್ಟರೆ ಆ ಗಡಿಬಿಡಿ ತಪ್ಪುತ್ತದೆ.